ಕಿಟಕಿ ಸಜ್ಜಾದಲ್ಲಿ ಕಣಜದ ಗೂಡು: ಪುದೀನ ಎಣ್ಣೆ ಸಾಕಾ?

ಪುದೀನ ಎಣ್ಣೆ ಸಿಂಪಡಿಸಿದರೆ ಸಜ್ಜಾದ ಕೆಳಗೆ ಗೂಡು ಕಟ್ಟುತ್ತಿರುವ ಕಣಜಗಳು ಹೋಗುತ್ತವಾ ಅಂತ ಕೇಳಿದ್ದೀರಿ. ಇನ್ನೂ ಗೂಡು ಕಟ್ಟದ ಜಾಗದಲ್ಲಿ ಆ ವಾಸನೆ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಬೇಗ ಆರಿಹೋಗುತ್ತದೆ, ಪದೇ ಪದೇ ಹಚ್ಚುತ್ತಿರಬೇಕು. ಗೂಡು ಎದ್ದ ಮೇಲೆ ಅದರಿಂದ ಜಾಸ್ತಿ ಪ್ರಯೋಜನವಿಲ್ಲ.

ಮೊದಲು ಗೂಡು ಎಷ್ಟು ದೊಡ್ಡದಿದೆ ನೋಡಿ. ಕಾಗದದಂಥ ಬೂದು ಗೂಡು, ಸಣ್ಣ ತೊಟ್ಟಿನಿಂದ ನೇತಾಡುತ್ತಾ, ಆರೇಳು ಕೋಣೆ ಮಾತ್ರ ಇದ್ದರೆ ಅಲ್ಲಿ ಸಾಮಾನ್ಯವಾಗಿ ಒಂದೆರಡು ಕಣಜ ಅಷ್ಟೇ ಇರುತ್ತವೆ. ಅವು ಹೊರಗೆ ಹಾರಿಹೋದಾಗ ಉದ್ದ ಕೋಲಿನಿಂದ ಕೆಡವಿ, ತೊಟ್ಟು ಅಂಟಿದ್ದ ಜಾಗವನ್ನು ಸೋಪು ನೀರಲ್ಲಿ ಚೆನ್ನಾಗಿ ಉಜ್ಜಿ. ಮತ್ತೆ ಅಲ್ಲೇ ಶುರು ಮಾಡಬಹುದು, ಒಂದಷ್ಟು ದಿನ ಕಣ್ಣಿಟ್ಟಿರಿ.

ಗೂಡು ಅಂಗೈಯಷ್ಟಾಗಿ ಮೇಲೆಲ್ಲ ಕಣಜ ಕೂತಿದ್ದರೆ ಮುಟ್ಟಲೇಬೇಡಿ, ಅನುಭವ ಇರುವವರನ್ನು ಕರೆಸಿ; ಒಂದೇ ಕಣಜ ಹಲವು ಸಲ ಕುಟುಕಬಲ್ಲದು, ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರಂತೂ ಕೇಳುವುದೇ ಬೇಡ. ಬೆಂಕಿ ಹಚ್ಚುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಅಂದಹಾಗೆ, ಅದು ಮಣ್ಣಿನ ಗೂಡಾದರೆ ಸುಮ್ನೆ ಬಿಟ್ಟುಬಿಡಿ. ಆ ಒಂಟಿ ಕಣಜಗಳು ಜೇಡ, ಹುಳು ಹಿಡಿದು ಮರಿಗೆ ತುಂಬಿಡುತ್ತವೆ, ನಮ್ಮ ತಂಟೆಗೆ ಬರುವುದು ತೀರಾ ಕಮ್ಮಿ. ಕಣಜಗಳು ಮನೆ ಹತ್ತಿರ ಸುಳಿಯದಂತೆ ಕಸದ ಬುಟ್ಟಿಗೆ ಮುಚ್ಚಳ ಹಾಕಿ, ಕೊಳೆತ ಹಣ್ಣು ಬಿದ್ದಿದ್ದರೆ ತೆಗೆಯಿರಿ. ಅವನ್ನು ದೂರವಿಡಲು ನಕಲಿ ಗೂಡು ತೂಗುಹಾಕುವುದನ್ನು ಮಾತ್ರ ನಾನು ನಂಬಲ್ಲ.