11 ಆದ ಮೇಲೆ 17 ಯಾಕೆ?

ಪ್ರಶ್ನೆ: ಡಾಕ್ಟರ್ ಮೇಡಂ, ಮಗಳು ಬಿ.ಎ.ಯಲ್ಲಿ ಸೈಕಾಲಜಿ ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ಮಿದುಳಿನ ಚಿತ್ರದ ಮೇಲೆ ‘ಬ್ರಾಡ್‌ಮನ್ ಏರಿಯಾ’ ಎಂದು ನಂಬರುಗಳಿವೆ. 11 ಆದ ಮೇಲೆ 17, 47 ಆದ ಮೇಲೆ 52! ಅಚ್ಚಿನ ತಪ್ಪಾ? ನನ್ನ ತಲೆಯ 44ನೇ ಜಾಗ, ಅವಳ ತಲೆಯ 44ನೇ ಜಾಗ ಎರಡೂ ಒಂದೇ ಅಳತೆ ಇರುತ್ತವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಚ್ಚಿನ ತಪ್ಪಲ್ಲ ತಾಯಿ, ಆ ನಕ್ಷೆ ಇರುವುದೇ ಹಾಗೆ. 1909ರಲ್ಲಿ ಜರ್ಮನಿಯ ಕೊರ್ಬಿನಿಯಾನ್ ಬ್ರಾಡ್‌ಮನ್ ಅದನ್ನು ಪ್ರಕಟಿಸಿದರು. ಮನುಷ್ಯರ ಮಿದುಳಿನ ಜೊತೆಗೆ ಕೋತಿ ಮತ್ತಿತರ ಪ್ರಾಣಿಗಳ ಮಿದುಳನ್ನೂ ನೋಡಿದ್ದರು. ಒಂದೇ ತರಹ ಕಂಡ ಜಾಗಕ್ಕೆ ಎಲ್ಲ ಪ್ರಾಣಿಗಳಲ್ಲೂ ಒಂದೇ ನಂಬರು. ನಿಮ್ಮ ಮಗಳಿಗೆ ಸಿಗದ ಕೆಲವು ನಂಬರುಗಳು ಪ್ರಾಣಿಗಳ ಪಾಲಿಗೆ ಹೋಗಿವೆ. ಹಾಗಾಗಿ ಲೆಕ್ಕ 52ರವರೆಗೆ ಹೋದರೂ ಮನುಷ್ಯರ ನಕ್ಷೆಯಲ್ಲಿರುವುದು 43 ಜಾಗ. ಹಳೇ ಪೇಟೆಯ ಮನೆ ನಂಬರಿನಂತೆ, ಅವರು ನೋಡುತ್ತಾ ಹೋದ ಸರದಿಯಲ್ಲಿ ಬಿದ್ದ ಸಂಖ್ಯೆಗಳು ಅಷ್ಟೆ. ದೊಡ್ಡ ನಂಬರು ಅಂದರೆ ದೊಡ್ಡ ಕೆಲಸ ಅಂತೇನಿಲ್ಲ.

ಅವರು ನೋಡಿದ್ದಾದರೂ ಏನನ್ನು? ಮಿದುಳಿನ ಹೊರಪದರದ ದಪ್ಪ ಸುಮಾರು 2ರಿಂದ 4 ಮಿಲಿಮೀಟರ್. ಅದನ್ನು ತೆಳ್ಳಗೆ ಕೊಯ್ದು ನಿಸ್ಲ್ ಎಂಬ ಬಣ್ಣ ಹಾಕಿದರೆ ಕೋಶಗಳು ಮಾತ್ರ ನೇರಳೆಯಾಗಿ ಎದ್ದು ಕಾಣುತ್ತವೆ. ಹೆಚ್ಚಿನ ಕಡೆ ಕೋಶಗಳದು ಆರು ಪದರ. ಆ ಪದರಗಳ ಜೋಡಣೆ ಬದಲಾದ ಕಡೆ ಒಂದು ಜಾಗದ ಗಡಿ, ಅಲ್ಲಿಂದ ಬೇರೆ ನಂಬರು. ನಾನು ಅನಾಟಮಿ ಕಲಿಸುವಾಗ ಮೊದಲು ಎರಡೇ ಸ್ಲೈಡ್ ಕೊಡುತ್ತಿದ್ದೆ, 4 ಮತ್ತು 17. ಕೈಕಾಲು ಆಡಿಸುವ 4ರಲ್ಲಿ ನಾಲ್ಕನೇ ಪದರ ಹುಡುಕಿದರೂ ಸಿಗುವುದು ಕಷ್ಟ. ಐದನೆಯದರಲ್ಲಿ ಮಾತ್ರ ಬೆಟ್ಜ್ ಕೋಶಗಳು, ಭಾರೀ ಗಾತ್ರದವು. ನೋಟಕ್ಕೆ ಸೇರಿದ 17ರಲ್ಲಿ ಅದೇ ನಾಲ್ಕನೇ ಪದರ ದಪ್ಪಗೆ, ಸಣ್ಣ ಕೋಶಗಳಿಂದ ಕಿಕ್ಕಿರಿದಿರುತ್ತದೆ. ಅಲ್ಲಿ ಹಾದುಹೋಗುವ ಒಂದು ಬಿಳಿ ಗೆರೆ ಬರಿಗಣ್ಣಿಗೂ ಕಾಣುತ್ತದೆ. 1776ರಲ್ಲೇ ಇಟಲಿಯ ಪಾರ್ಮಾದ ವೈದ್ಯಕೀಯ ವಿದ್ಯಾರ್ಥಿ ಫ್ರಾಂಚೆಸ್ಕೋ ಜೆನ್ನಾರಿ ಅದನ್ನು ಗಮನಿಸಿದ್ದರು. 17 ಮುಗಿದು 18 ಶುರುವಾಗುವ ಜಾಗ ಸ್ಲೈಡಿನಲ್ಲಿ ಥಟ್ಟನೆ ಗೊತ್ತಾಗುತ್ತದೆ. ಎಲ್ಲ ಗಡಿಗಳೂ ಇಷ್ಟು ಸಲೀಸಲ್ಲ. ಪಕ್ಕಪಕ್ಕದ ಇಬ್ಬರು ತಜ್ಞರು ಒಂದೇ ಸ್ಲೈಡ್ ನೋಡಿ ಬೇರೆ ಬೇರೆ ಕಡೆ ಗೆರೆ ಎಳೆಯಬಹುದು.

ಇಷ್ಟು ಮಾಡಿದ ಮನುಷ್ಯನ ಪ್ರಬಂಧವನ್ನು ಬರ್ಲಿನ್ ವಿಶ್ವವಿದ್ಯಾಲಯ ತಿರಸ್ಕರಿಸಿತು. 1918ರಲ್ಲಿ, ಮ್ಯೂನಿಕ್‌ನಲ್ಲಿ ಒಳ್ಳೆಯ ಹುದ್ದೆ ಸಿಕ್ಕ ಕೆಲವೇ ತಿಂಗಳಲ್ಲಿ ಸೋಂಕಿನಿಂದ ತೀರಿಕೊಂಡರು. ಆಗ ವಯಸ್ಸು 49. ನೆನೆದಾಗಲೆಲ್ಲ ಬೇಜಾರಾಗುತ್ತದೆ.

ಇನ್ನು 44ರ ವಿಷಯ. ಮಾತಿಗೆ ಸಂಬಂಧಿಸಿದ ಜಾಗ ಅದು. ಅಳತೆ ಒಬ್ಬರಿಂದ ಒಬ್ಬರಿಗೆ ತುಂಬಾ ಬದಲಾಗುತ್ತದೆ, ನಿಮ್ಮದು ಮಗಳದಕ್ಕಿಂತ ಚಿಕ್ಕದಿದ್ದರೂ ಮಾತಿಗೇನೂ ಬರ ಬರುವುದಿಲ್ಲ! ಮಿದುಳಿನ ಮೇಲೆ ಕಾಣುವ ಮಡಿಕೆಗಳನ್ನು ನೋಡಿ ಕೋಶಗಳ ಗಡಿ ಹೇಳುವುದಕ್ಕೂ ಆಗುವುದಿಲ್ಲ. ಬಣ್ಣಬಣ್ಣದ ಚಿತ್ರಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಬಹಳ ಕಾಲ ಸ್ಕ್ಯಾನ್‌ಗಳಿಗೆ ನಂಬರು ಹಾಕಲು ಬಳಸಿದ, 1988ರ ತಾಲೈರಾಕ್ ನಕ್ಷೆಯನ್ನೇ ತಗೊಳ್ಳಿ. ಒಬ್ಬ ಹೆಂಗಸಿನ ಮಿದುಳಿನ ಮೇಲೆ ಮಾಡಿದ್ದು. ಬ್ರಾಡ್‌ಮನ್ನರ ಚಿತ್ರ ನೋಡಿಕೊಂಡು ಅಂದಾಜಿನ ಮೇಲೆ ನಂಬರು ಹಾಕಿದರು. ಆ ಮಿದುಳಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಇರಲಿಲ್ಲ.

ಜರ್ಮನಿಯ ಯೂಲಿಶ್‌ನಲ್ಲಿ ಕಾಟ್ರಿನ್ ಆಮುಂಟ್ಸ್ ತಂಡದವರ ದಾರಿಯೇ ಬೇರೆ. ಗಡಿ ಗುರುತಿಸಲು ಕಣ್ಣಂದಾಜು ಸಾಲದೆಂದು ಕೋಶಗಳ ಸಾಂದ್ರತೆಯನ್ನು ಕಂಪ್ಯೂಟರಿನಲ್ಲಿ ಅಳೆಯುತ್ತಾರೆ. 2020ರಲ್ಲಿ ಅವರು ಹೊರತಂದ ನಕ್ಷೆಗೆ 23 ಮಿದುಳುಗಳನ್ನು ಬಳಸಿದ್ದಾರೆ. ‘ಇದು 44’ ಎಂದು ಖಡಾಖಂಡಿತವಾಗಿ ಹೇಳುವ ಬದಲು, ಈ ಬಿಂದು 44 ಆಗಿರುವ ಸಾಧ್ಯತೆ ಎಷ್ಟು ಎಂದು ಅದು ಹೇಳುತ್ತದೆ.

ಬೆಂಗಳೂರಿಗೆ ಬಂದಾಗ ಮಗಳನ್ನು ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಹಿಂಭಾಗ ಕೊಯ್ದಿಟ್ಟ ಮಿದುಳಿದ್ದರೆ ಜೆನ್ನಾರಿ ಗೆರೆ ತೋರಿಸಿ ಎಂದು ಕೇಳಿ. ಯಾವ ದಿನ ಒಳಗೆ ಬಿಡುತ್ತಾರೆ ಎಂದು ಮೊದಲೇ ಫೋನ್ ಮಾಡಿಕೊಳ್ಳಿ.