ಕಾರ್ಲ್‌ಸನ್ ಮತ್ತು ಸ್ಟಾಕ್‌ಫಿಶ್: ನಿಮ್ಮ ಎರಡು ಪ್ರಶ್ನೆಗೆ ಉತ್ತರ

ಚೆಸ್ ದಿಗ್ಗಜ ಮ್ಯಾಗ್ನಸ್ ಕಾರ್ಲ್‌ಸನ್ ಪೂರ್ತಿ ಮನಸ್ಸಿಟ್ಟು ಆಡಿದರೆ ಫೋನಿನಲ್ಲಿರುವ ಸ್ಟಾಕ್‌ಫಿಶ್ ಎಂಬ ಇಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಅನ್ನು ಸೋಲಿಸಬಹುದಾ, ಮತ್ತು ನಮ್ಮಂಥವರು ಅದರ ಜೊತೆ ಆಡಿದರೆ ಏನಾದರೂ ಲಾಭ ಇದೆಯಾ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ ಖಂಡಿತ ಇದೆ, ಆದರೆ ಆಡುವ ರೀತಿ ಬೇರೆ ಇರಬೇಕು.

ಎಲ್ಲರೂ 1997ರ ಡೀಪ್ ಬ್ಲೂ ಎಂಬ ಕಂಪ್ಯೂಟರ್‌ನ ಕಥೆಯನ್ನೇ ಹೇಳುತ್ತಾರೆ. ಅದು ಆಗಿನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ್ದು 3.5–2.5ರಲ್ಲಿ, ಒಂದೇ ಅಂಕದ ಅಂತರ. ಆಮೇಲೂ ಕೆಲವು ವರ್ಷ ಮನುಷ್ಯರು ಸಮಸಮ ನಿಂತರು: 2002ರಲ್ಲಿ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಇಂಜಿನ್ ಜೊತೆ 4–4, ಮರುವರ್ಷ ಕ್ಯಾಸ್ಪರೋವ್ ಡೀಪ್ ಜೂನಿಯರ್ ಎಂಬ ಇನ್ನೊಂದರ ಜೊತೆ 3–3. ಆಟ ಕೈತಪ್ಪಿದ್ದು 2005ರಲ್ಲಿ. ಹೈಡ್ರಾ ಎಂಬ ಯಂತ್ರ ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ಅವರನ್ನು 5.5–0.5ರಲ್ಲಿ ಮುಗಿಸಿತು, ಆರು ಆಟದಲ್ಲಿ ಒಂದೇ ಒಂದು ಡ್ರಾ. ಮರುವರ್ಷ ಬಾನ್‌ನಲ್ಲಿ ಕ್ರಾಮ್ನಿಕ್ ಮತ್ತೆ ಡೀಪ್ ಫ್ರಿಟ್ಜ್ ಎದುರು ಕೂತು 2–4ರಲ್ಲಿ ಸೋತರು. ಎರಡನೇ ಆಟವನ್ನು ಹುಡುಕಿ ನೋಡಿ. ಚೆನ್ನಾಗೇ ಆಡುತ್ತಿದ್ದರು, ಮಂತ್ರಿಯನ್ನು ಇ3 ಮನೆಗೆ ಇಟ್ಟರು, ಎದುರಿನ ಮಂತ್ರಿ ಎಚ್7ಗೆ ಬಂದು ಒಂದೇ ನಡೆಯಲ್ಲಿ ಮೇಟ್! ಎಫ್8ರಲ್ಲಿ ಕೂತ ಎದುರಾಳಿಯ ಕುದುರೆ ಎಚ್7ಕ್ಕೆ ಕಾವಲಿರುವುದು ಅಪರೂಪ, ವಿಶ್ವ ಚಾಂಪಿಯನ್ ಕಣ್ಣಿಗೂ ಬೀಳಲಿಲ್ಲ. ಇಂಜಿನ್‌ಗೆ ಅಪರೂಪ ಅನ್ನುವುದೇ ಇಲ್ಲ ಅಲ್ವಾ.

ಈಗಂತೂ ಕೇಳಲೇಬೇಡಿ. ಕಾರ್ಲ್‌ಸನ್ ಅವರ ಅತಿ ಹೆಚ್ಚಿನ ರೇಟಿಂಗ್ (ಆಟದ ಬಲ ಅಳೆಯುವ ಅಂಕ) 2882, ಸ್ಟಾಕ್‌ಫಿಶ್ ಕಂಪ್ಯೂಟರ್ ಪಟ್ಟಿಗಳಲ್ಲಿ 3500 ದಾಟಿದೆ. ಅದು ಯಂತ್ರಗಳ ನಡುವಿನ ಲೆಕ್ಕ, ನೇರವಾಗಿ ಹೋಲಿಸುವ ಹಾಗಿಲ್ಲ, ಆದರೂ ಅಂತರ ಎಷ್ಟಿದೆ ಅಂತ ಗೊತ್ತಾಗುತ್ತದೆ. 2016ರಲ್ಲಿ ಕೊಮೊಡೊ ಎಂಬ ಇಂಜಿನ್ ಪ್ರತಿ ಆಟದಲ್ಲೂ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ನಕಮುರಾ ಅವರಿಗೆ ಒಂದಲ್ಲ ಒಂದು ರಿಯಾಯಿತಿ ಕೊಟ್ಟು ಆಡಿತು, ಆದರೂ 2.5–1.5ರಲ್ಲಿ ಗೆದ್ದಿತು.

ಇನ್ನು ನಿಮ್ಮ ಅಭ್ಯಾಸದ ವಿಷಯ. ಲೆವೆಲ್ ಇಳಿಸಿದ ಇಂಜಿನ್ ಜೊತೆ ಆಡುವುದನ್ನು ಮೊದಲು ಬಿಡಿ. ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್ ಥರ ಆಡಿ ಹನ್ನೊಂದನೆಯದಕ್ಕೆ ಸುಮ್ನೆ ಆನೆ ಕೊಟ್ಟುಬಿಡುತ್ತದೆ, ಮನುಷ್ಯರು ಹಾಗೆ ತಪ್ಪು ಮಾಡುವುದಿಲ್ಲ. ಅದರ ಬದಲು ಪೂರ್ತಿ ಶಕ್ತಿಯಲ್ಲೇ ಇಡಿ, ಆದರೆ ನೀವು ಗೆಲ್ಲಲೇಬೇಕಾದ ಸ್ಥಿತಿಯಿಂದ ಶುರು ಮಾಡಿ: ಒಂದು ಆನೆ ಜಾಸ್ತಿ, ಅಥವಾ ಎದುರಾಳಿಯ ಒಂಟಿ ಆನೆಯ ಎದುರು ನಿಮಗೆ ಆನೆ ಮತ್ತು ಒಂದು ಪಾನ್ (ಕಾಲಾಳು) ಇರುವ, ಲುಸೆನಾ ಎಂಬ ಹೆಸರಾಂತ ಗೆಲುವಿನ ಸ್ಥಿತಿ. ಅದನ್ನು ಗೆಲುವಾಗಿ ಮಾಡುವಷ್ಟರಲ್ಲಿ ಬೆವರು ಇಳಿಯುತ್ತದೆ, ಪಾಠ ಮಾತ್ರ ಗಟ್ಟಿ.

ನಿಮ್ಮ ಆಟಗಳನ್ನು ಪರಿಶೀಲಿಸುವಾಗ ಮೊದಲ ಸುತ್ತು ಇಂಜಿನ್ ಆಫ್ ಇರಲಿ, ಎಲ್ಲಿ ಗೊಂದಲ ಆಯಿತೋ ಬರೆದಿಟ್ಟುಕೊಳ್ಳಿ. ಆಮೇಲೆ ಆನ್ ಮಾಡಿ. ಯಾರು ಎಷ್ಟು ಮುಂದಿದ್ದಾರೆ ಅಂತ ಅದು ಅಂಕದಲ್ಲಿ ತೋರಿಸುತ್ತದೆ, ಒಂದು ಅಂಕ ಅಂದರೆ ಸುಮಾರು ಒಂದು ಪಾನ್‌ನಷ್ಟು ಮೇಲುಗೈ. 0.3 ಅಂಕದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಒಂದೇ ನಡೆಗೆ 1.5 ಜಿಗಿದರೆ ನಿಲ್ಲಿ. ನಿಮ್ಮ ನಡೆ ಯಾಕೆ ತಪ್ಪು ಅಂತ ಅದು ಬಾಯಿಬಿಟ್ಟು ಹೇಳುವುದಿಲ್ಲ, ಬೋರ್ಡಿನಲ್ಲಿ ಆ ನಡೆಯನ್ನೇ ಇಟ್ಟು ಅದು ಏನು ಉತ್ತರ ಕೊಡುತ್ತದೆ ನೋಡಿ. 0.00 (ಅಂದರೆ ಸಮಬಲ) ಅಂತ ತೋರಿಸಿದರೆ ಡ್ರಾ ಸುಲಭ ಅಂದುಕೊಳ್ಳಬೇಡಿ. ಕೆಲವೊಮ್ಮೆ ಸತತ ಎಂಟು ಸರಿಯಾದ ನಡೆ ಹುಡುಕಿದರೆ ಮಾತ್ರ ಆ ಸೊನ್ನೆ ಉಳಿಯುತ್ತದೆ.