ಶಾಲಾ ಸಂಸತ್ತಿನ ಚುನಾವಣೆ ನಡೆದರೆ ಮಕ್ಕಳ ಮಾತಿಗೆ ಬೆಲೆ ಬಂದಂತೆಯೇ?

ನಿಮ್ಮ ಮಗಳು ಓದುವ ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ಅದ್ದೂರಿಯಾಗಿ ನಡೆಯುತ್ತದೆ, ಪ್ರಮಾಣವಚನವೂ ಆಗುತ್ತದೆ, ಆದರೂ ‘ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ’ ಎನ್ನುತ್ತಾಳೆ. ಇದರಿಂದ ಮಕ್ಕಳು ಪ್ರಜಾಪ್ರಭುತ್ವ ಕಲಿಯುತ್ತಾರೆಯೇ, ಪೋಷಕರಾಗಿ ನಾವೇನು ಮಾಡಬಹುದು ಎಂದು ನೀವು ಕೇಳಿದ್ದೀರಿ. ಪೀಣ್ಯದ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವನು ನಾನು. ನಿಮ್ಮ ಮಗಳು ಹೇಳುತ್ತಿರುವುದು ನಿಜವಿರಬೇಕು. ಚುನಾವಣೆ ನಡೆಸುವುದು ಒಂದು ದಿನದ ಕೆಲಸ. ಗೆದ್ದ ಮಕ್ಕಳು ಕೇಳಿದ್ದಕ್ಕೆ ದೊಡ್ಡವರು ಉತ್ತರ ಕೊಡಲೇಬೇಕಾದ ಏರ್ಪಾಡು ಮಾಡುವುದು ವರ್ಷವಿಡೀ ತಲೆನೋವಿನ ಕೆಲಸ. ಹಾಗಾಗಿ ಬಹಳಷ್ಟು ಶಾಲೆಗಳು ಮೊದಲನೆಯದನ್ನು ಮಾಡಿ ಫೋಟೊ ತೆಗೆಸಿಕೊಂಡು ಸುಮ್ಮನಾಗುತ್ತವೆ.

ಚುನಾವಣೆಯನ್ನು ನಾನು ಹಳಿಯುತ್ತಿಲ್ಲ. ಮೊಬೈಲ್ ಆ್ಯಪನ್ನೇ ಮತಯಂತ್ರ ಮಾಡಿಕೊಂಡು, ಬೆರಳಿಗೆ ಶಾಯಿ ಹಚ್ಚಿ, ಎಂಟನೇ ತರಗತಿಯ ಹುಡುಗಿಯೊಬ್ಬಳು ಮತಗಟ್ಟೆ ಅಧಿಕಾರಿಯ ಗತ್ತಿನಲ್ಲಿ ಗುರುತಿನ ಚೀಟಿ ಕೇಳುವಾಗ ಮಕ್ಕಳು ಗುಪ್ತ ಮತದಾನದ ಅರ್ಥವನ್ನು ಪಾಠಪುಸ್ತಕಕ್ಕಿಂತ ಚೆನ್ನಾಗಿಯೇ ತಿಳಿದುಕೊಳ್ಳುತ್ತಾರೆ. ತೊಂದರೆ ಮರುದಿನದಿಂದ. ಆರೋಗ್ಯ ಮಂತ್ರಿ ಉಗುರು ನೋಡುತ್ತಾನೆ, ಆಹಾರ ಮಂತ್ರಿ ಊಟದ ಸಾಲು ಕಾಯುತ್ತಾಳೆ, ಶಿಸ್ತಿನ ಮಂತ್ರಿ ಪ್ರಾರ್ಥನೆಗೆ ತಡವಾಗಿ ಬಂದವರನ್ನು ಹಿಡಿದು ನಿಲ್ಲಿಸುತ್ತಾನೆ. ಇವೆಲ್ಲ ಶಿಕ್ಷಕರ ಕೆಲಸಕ್ಕೆ ಸಿಕ್ಕ ಹೆಚ್ಚುವರಿ ಕೈಗಳು. ಮಕ್ಕಳ ಪರವಾಗಿ ಶಿಕ್ಷಕರನ್ನು ಏನಾದರೂ ಕೇಳುವ ಖಾತೆ ಮಾತ್ರ ಆ ಮಂತ್ರಿಮಂಡಲದಲ್ಲಿ ಇರುವುದಿಲ್ಲ.

ಇದರ ಬೇರು ಇನ್ನೂ ಕೆಳಗಿನ ತರಗತಿಗಳಲ್ಲಿದೆ. ಮೇಷ್ಟ್ರು ಆಫೀಸಿಗೆ ಹೋಗುವಾಗ ಮಾನಿಟರಿಗೆ ಹೇಳುವ ಮಾತು ನಮ್ಮೆಲ್ಲರಿಗೂ ಗೊತ್ತು: ‘ಮಾತಾಡಿದವರ ಹೆಸರು ಬರೆದಿಡು.’ ಆ ಮಗು ಬೋರ್ಡಿನ ಮೂಲೆಯಲ್ಲಿ ಹೆಸರು ಬರೆಯುತ್ತದೆ, ಮತ್ತೆ ಮಾತಾಡಿದವರ ಹೆಸರಿನ ಮುಂದೆ ಒಂದೊಂದೇ ಇಂಟು ಹಾಕುತ್ತದೆ, ಗೆಳೆಯನ ಹೆಸರನ್ನು ಮೇಷ್ಟ್ರ ಹೆಜ್ಜೆ ಸಪ್ಪಳ ಕೇಳುವಷ್ಟರಲ್ಲಿ ಅಂಗೈಯಿಂದ ಒರೆಸಿಬಿಡುತ್ತದೆ. ನಮ್ಮ ಮಕ್ಕಳು ಜೀವನದಲ್ಲಿ ಮೊದಲು ಕಾಣುವ ಅಧಿಕಾರದ ಸ್ಥಾನವೇ ಮಾತಾಡಿದವರನ್ನು ಗುರುತಿಸಿ ಒಪ್ಪಿಸುವುದು, ಅದರಲ್ಲೂ ಸ್ವಜನಪಕ್ಷಪಾತಕ್ಕೆ ಅವಕಾಶವಿರುವುದು. ಒಂದನೇ ತರಗತಿಯಿಂದ ಹೀಗೆ ಬೆಳೆದ ಮಗುವನ್ನು ಒಂಬತ್ತನೇ ತರಗತಿಯಲ್ಲಿ ಮೈಕಿನ ಮುಂದೆ ನಿಲ್ಲಿಸಿ ‘ಮುಕ್ತವಾಗಿ ಅಭಿಪ್ರಾಯ ಹೇಳು’ ಎಂದರೆ ಅದು ಶಿಕ್ಷಕರಿಗೆ ಇಷ್ಟವಾಗುವುದನ್ನೇ ಹೇಳುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ಅದರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಮನ್ನಣೆ ಕೊಡಬೇಕು ಎನ್ನುತ್ತದೆ ಅದರ 12ನೇ ವಿಧಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆದರಿದ ಮಗು ಬಾಯಿ ಬಿಡುವುದಿಲ್ಲವಾದ್ದರಿಂದ ನನ್ನ ದೃಷ್ಟಿಯಲ್ಲಿ ಮಕ್ಕಳ ದನಿಗೆ ಅದೇ ಮೊದಲ ಆಸರೆ. ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಿ ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ ಇಂಥ ಶಾಲಾ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, 2001ರಲ್ಲೇ ಬಂದಿದ್ದವು. ಆದರೆ ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ಶಾಲೆಯ ಮಟ್ಟಿಗೆ ಕಾಯ್ದೆಗಿಂತ ಪೋಷಕರ ಒತ್ತಾಯವೇ ಹೆಚ್ಚು ಕೆಲಸ ಮಾಡೀತು.

ಬೆಲ್‌ಫಾಸ್ಟ್‌ನ ವಿದ್ವಾಂಸೆ ಲಾರಾ ಲಂಡಿ 2007ರಲ್ಲಿ ಇದೇ 12ನೇ ವಿಧಿಯನ್ನು ಬಿಡಿಸಿ ನಾಲ್ಕು ಅಂಶಗಳನ್ನು ಮುಂದಿಟ್ಟರು: ಮಾತಾಡಲು ಅವಕಾಶ, ಮಾತಾಡಲು ನೆರವು, ಆ ಮಾತನ್ನು ಕೇಳಿಸಿಕೊಳ್ಳಬೇಕಾದ ವ್ಯಕ್ತಿ, ಆ ಮಾತಿನಿಂದ ಆಗುವ ಪರಿಣಾಮ. ನಮ್ಮಲ್ಲಿ ಮೊದಲಿನೆರಡಕ್ಕೆ ಭಾಷಣ ಸ್ಪರ್ಧೆಗಳಿವೆ. ಕೊನೆಯ ಎರಡು ನಾಪತ್ತೆ. ನಮ್ಮ ಶಾಲೆಯಲ್ಲಿ ಶನಿವಾರ ತರಗತಿ ಸಭೆ ಶುರು ಮಾಡಿದಾಗ ಏಳನೇ ತರಗತಿಯ ಹೆಣ್ಣುಮಕ್ಕಳು ಎತ್ತಿದ ಮೊದಲ ವಿಷಯ ಮೈದಾನದ್ದು. ಆಟದ ಪಿರಿಯಡ್ ಬಂತೆಂದರೆ ಹುಡುಗರು ಕ್ರಿಕೆಟ್‌ಗೆಂದು ಇಡೀ ಅಂಗಳ ಹಿಡಿಯುತ್ತಿದ್ದರು, ಹುಡುಗಿಯರು ಗೋಡೆಯ ಬದಿಯಲ್ಲಿ ಕೂತು ಚೆಂಡು ಎತ್ತಿಕೊಡುತ್ತಿದ್ದರು. ಜಗಳ ಜೋರಾಗಿಯೇ ಆಯಿತು, ‘ಅವರಿಗೆ ಆಡೋಕೇ ಬರಲ್ಲ ಸಾರ್’ ಎಂಬ ವಾದವೂ ಬಂತು. ಕೊನೆಗೆ ವಾರದಲ್ಲಿ ಎರಡು ದಿನ ಅಂಗಳ ಹುಡುಗಿಯರದು ಎಂದು ತೀರ್ಮಾನವಾಗಿ ಅದು ವೇಳಾಪಟ್ಟಿಯಲ್ಲೇ ಸೇರಿತು. ಸಣ್ಣ ವಿಷಯವೇ ಇರಬಹುದು, ಆದರೆ ಆಡಿದ ಮಾತಿನಿಂದ ಗೋಡೆಗೆ ಅಂಟಿಸಿದ ಕಾಗದವೊಂದು ಬದಲಾದದ್ದನ್ನು ಅವರು ಕಣ್ಣಾರೆ ಕಂಡರು.

ಆಗುವುದಿಲ್ಲ ಎಂಬ ಉತ್ತರಕ್ಕೂ ಅಷ್ಟೇ ಬೆಲೆಯಿದೆ, ಕಾರಣ ಹೇಳಿದರೆ. ಹೊಸ ಶೌಚಾಲಯ ಬೇಕೆಂದು ಮಕ್ಕಳು ಬರೆದುಕೊಟ್ಟಾಗ ಮುಖ್ಯ ಶಿಕ್ಷಕಿ ತಾವೇ ತರಗತಿಗೆ ಬಂದು, ಶಾಲೆಗೆ ಬಂದ ಅನುದಾನ ಎಷ್ಟು, ಅದು ಯಾವುದಕ್ಕೆ ಖರ್ಚಾಗಿದೆ, ಕಟ್ಟಡದ ಮಂಜೂರಾತಿ ಯಾರ ಕೈಯಲ್ಲಿದೆ ಎಂಬುದನ್ನೆಲ್ಲ ಬೋರ್ಡಿನ ಮೇಲೆ ಲೆಕ್ಕ ಬರೆದು ಹೇಳಿದರು. ಮುಂದಿನ ಸಭೆಯಲ್ಲಿ ಮಕ್ಕಳು ಕೇಳಿದ್ದು ಇರುವ ಶೌಚಾಲಯದ ಬಾಗಿಲಿಗೆ ಚಿಲಕ ಮತ್ತು ಒಂದು ಬಕೆಟ್. ಅವು ಬೇಗ ಬಂದವು. ಪೌರನೀತಿಯ ಒಂದಿಡೀ ಅಧ್ಯಾಯ ಆ ಲೆಕ್ಕದಲ್ಲಿತ್ತು ಎಂದು ನನಗನಿಸಿತು.

ಇನ್ನು ಯಾರ ದನಿ ಎಂಬ ಪ್ರಶ್ನೆ. ಚುನಾವಣೆಯಲ್ಲಿ ಗೆಲ್ಲುವವರು ಸಾಮಾನ್ಯವಾಗಿ ಚೆನ್ನಾಗಿ ಮಾತಾಡುವವರು, ಒಳ್ಳೆಯ ಅಂಕ ಪಡೆಯುವವರು, ಶಿಕ್ಷಕರ ಬಾಯಲ್ಲಿ ಹೆಸರಿರುವವರು. ಬೆಂಗಳೂರಿನ ಸರ್ಕಾರಿ ಶಾಲೆಯ ಒಂದೇ ಕೊಠಡಿಯಲ್ಲಿ ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಬಿಹಾರ, ನೇಪಾಳದ ಕುಟುಂಬಗಳ ಮಕ್ಕಳು, ಮನೆಯಲ್ಲಿ ಉರ್ದು, ತೆಲುಗು, ತಮಿಳು ಆಡುವವರು ಒಟ್ಟಿಗೆ ಕೂರುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಜುಲೈನಲ್ಲಿ ಸೇರಿ, ಸೈಟಿನ ಕೆಲಸ ಮುಗಿದಾಗ ಜನವರಿಯಲ್ಲಿ ಹೊರಟುಹೋಗುತ್ತಾರೆ. ಇಂಥ ಮಗು ಸಂಸತ್ತಿಗೆ ಆರಿಸಿ ಬರುವುದು ಕನಸಿನ ಮಾತು. ಆದ್ದರಿಂದ ನಮ್ಮ ಸಭೆಯಲ್ಲಿ ಕೈ ಎತ್ತಿದವರಿಗೆ ಮೊದಲ ಮಾತು ಎಂಬ ಪದ್ಧತಿ ಕೈಬಿಟ್ಟೆವು. ವೃತ್ತಾಕಾರದಲ್ಲಿ ಕೂತು ಸರದಿಯಂತೆ ಮಾತು, ಬೇಡವೆಂದರೆ ದಾಟಿಸಬಹುದು. ಹಿಂದಿ ಮಾತ್ರ ಬಲ್ಲ ಹುಡುಗನ ಮಾತನ್ನು ಪಕ್ಕದವನು ಕನ್ನಡದಲ್ಲಿ ಹೇಳಬಹುದು. ಬರೆಯಲು ಬಾರದವರು ಚೀಟಿಯಲ್ಲಿ ಚಿತ್ರ ಬಿಡಿಸಬಹುದು. ಒಮ್ಮೆ ಬಂದ ಚೀಟಿಯಲ್ಲಿ ನಲ್ಲಿಯೊಂದು, ಅದರ ಕೆಳಗೆ ಕೈ ಎತ್ತಿ ತುದಿಗಾಲಲ್ಲಿ ನಿಂತ ಪುಟ್ಟ ಮಗುವೊಂದು ಇದ್ದವು. ಒಂದನೇ ತರಗತಿಯವರಿಗೆ ನಲ್ಲಿ ಎಟುಕುತ್ತಿಲ್ಲ ಎಂಬುದು ಅಲ್ಲಿಯವರೆಗೆ ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

ಖಾಸಗಿ ಶಾಲೆಗಳಲ್ಲಿ ಈ ವೈವಿಧ್ಯವೇ ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ, ಹಿಂದುಳಿದ ಕುಟುಂಬಗಳಿಗೆ ಮೀಸಲಾದ ಶೇ 25ರಷ್ಟು ಸೀಟುಗಳ ಮೂಲಕ ಬರುತ್ತಿದ್ದ ಮಕ್ಕಳೂ, ರಾಜ್ಯದ ನಿಯಮ ತಿದ್ದುಪಡಿಯಾಗಿ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟುಗಳು ಇಲ್ಲವೆಂದಾದ ಮೇಲೆ, 2019-20ರಿಂದೀಚೆಗೆ ವಿರಳವಾದರು. ಅಂಗವಿಕಲ ಮಕ್ಕಳ ವಿಷಯದಲ್ಲಿ 2016ರ ಕಾಯ್ದೆ ಸಮನ್ವಯ ಶಿಕ್ಷಣವನ್ನು, ಅಂದರೆ ಎಲ್ಲ ಮಕ್ಕಳ ಜೊತೆಗೇ ಕಲಿಸುವುದನ್ನು, ಕಡ್ಡಾಯಗೊಳಿಸಿದೆ. ಆದರೂ ನಗರದ ಶಾಲೆಯೊಂದರಲ್ಲಿ ಅತಿಥಿಯಾಗಿ ಕೂತಿದ್ದಾಗ ನಾನು ಕಂಡದ್ದು ಇದು: ‘ಎಲ್ಲರನ್ನೂ ಒಳಗೊಳ್ಳುವ ಶಾಲೆ’ ಎಂಬ ವಿಷಯದ ಮೇಲೆ ವಿದ್ಯಾರ್ಥಿ ಪರಿಷತ್ತಿನ ಚರ್ಚೆ ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ ನಡೆಯಿತು, ಗಾಲಿಕುರ್ಚಿಯ ಹುಡುಗ ಕೆಳಗಿನ ಗ್ರಂಥಾಲಯದಲ್ಲಿ ಕೂತಿದ್ದ. ಚರ್ಚೆ ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಆರಿಸಿ ಬರದ ಮಗುವಿನ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕೊಪ್ಪಳ ಜಿಲ್ಲೆಯ ಗಂಗಾವತಿಯ ಉದಾಹರಣೆ ನಿಮಗೂ ನೆನಪಿರಬಹುದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡುವುದನ್ನು ಕೆಲವು ಮಠಾಧೀಶರು ವಿರೋಧಿಸಿದಾಗ, ಅಲ್ಲಿನ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು ಎಂದು ಕೆರಳಿ ಮಾತಾಡಿದ ವಿಡಿಯೊ ನಾಡೆಲ್ಲ ಹರಿದಾಡಿತು. ಅಲ್ಲಿಯವರೆಗೆ ಮಠಗಳು, ಸಂಘಟನೆಗಳು, ಸರ್ಕಾರ ತಮ್ಮತಮ್ಮಲ್ಲೇ ವಾದಿಸುತ್ತಿದ್ದವು. ತಟ್ಟೆಯ ಮುಂದೆ ಕೂರುವವರನ್ನು ಕೇಳಿದವರು ಕಡಿಮೆ.

ಮಕ್ಕಳಿಗೆ ಸಲಿಗೆ ಕೊಟ್ಟರೆ ಹೋಂವರ್ಕ್ ಬೇಡ, ಮೊಬೈಲ್ ಬೇಕು ಎನ್ನುತ್ತಾರೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸುವುದುಂಟು. ಹೋಂವರ್ಕ್ ಬೇಡ ಎನ್ನುತ್ತಾರೆ, ನಿಜ. ಯಾವ ವಿಷಯದ್ದು, ಯಾವ ದಿನದ್ದು ಎಂದು ಮರುಪ್ರಶ್ನೆ ಹಾಕಿದರೆ, ಮೂರು ಶಿಕ್ಷಕರು ಒಂದೇ ಸಂಜೆಗೆ ಬರೆಯಲು ಕೊಟ್ಟಿರುವುದು ಬೆಳಕಿಗೆ ಬರುತ್ತದೆ. ನನಗೆ ನಿಜವಾದ ಅಂಜಿಕೆಯಿರುವುದು ಮಕ್ಕಳ ಕೈಗೆ ಶಿಕ್ಷೆಯ ಅಧಿಕಾರ ಕೊಡುವ ಬಗ್ಗೆ. ಪೋಲೆಂಡಿನ ವಾರ್ಸಾದ ಅನಾಥಾಲಯದಲ್ಲಿ ವೈದ್ಯ, ಶಿಕ್ಷಣತಜ್ಞ ಯಾನುಷ್ ಕೊರ್ಚಾಕ್ ಮಕ್ಕಳದೇ ನ್ಯಾಯಾಲಯ ನಡೆಸಿದ್ದರು, ಸ್ವತಃ ಅದರ ಮುಂದೆ ನಿಂತಿದ್ದರು. ಅದರ ಸಂಹಿತೆಯ ಒಲವು ಕ್ಷಮೆಯ ಕಡೆಗಿತ್ತು, ಹಿರಿಯರೂ ಅದಕ್ಕೆ ಒಳಪಟ್ಟಿದ್ದರು. ಈ ಎರಡೂ ಇಲ್ಲದೆ ಅದನ್ನು ನಕಲು ಮಾಡಿದರೆ ಉಳಿಯುವುದು ಬೋರ್ಡಿನ ಮೇಲೆ ಹೆಸರು ಬರೆಯುವ ಮಾನಿಟರೇ. ಹಾಗೆಯೇ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುವುದು 2023ರಿಂದ ನಮ್ಮ ಶಾಲೆಗಳಲ್ಲಿ ರೂಢಿಯಾಗಿದೆ. ಓದು ಮುಗಿದ ಮೇಲೆ ಕಸಬರಿಗೆ ಹುಡುಗಿಯರ ಕೈಗೇ ಹೋಗುತ್ತಿದ್ದರೆ ಸಮಾನತೆಯ ಸಾಲನ್ನು ಮಕ್ಕಳು ಬರೀ ಪಾಠ ಒಪ್ಪಿಸುವಂತೆ ಓದುತ್ತಾರೆ.

ಪೋಷಕರ ಸಭೆಯಲ್ಲಿ ಕೇಳಬೇಕಾದ್ದಕ್ಕೆ ಬರುತ್ತೇನೆ. ‘ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡುತ್ತೀರಾ’ ಎಂದು ಕೇಳಬೇಡಿ, ಹೌದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಶಾಲಾ ಸಂಸತ್ತಿನ ಕಳೆದ ವರ್ಷದ ನಡಾವಳಿ ಪುಸ್ತಕ ತೋರಿಸಲು ಹೇಳಿ. ಮಕ್ಕಳು ಏನು ಕೇಳಿದ್ದರು, ಯಾರು, ಯಾವ ದಿನ ಏನು ಉತ್ತರ ಕೊಟ್ಟರು ಎಂಬುದು ಅದರಲ್ಲಿರಬೇಕು. ಹಳ್ಳಿಗಳ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯ ಆಶಯವೂ ಇದೇ: ಹಿಂದಿನ ಬೇಡಿಕೆ ಏನಾಯಿತೆಂದು ದೊಡ್ಡವರು ಮಕ್ಕಳ ಮುಂದೆ ಹೇಳಬೇಕು. ಸಲಹಾ ಪೆಟ್ಟಿಗೆ ಇದ್ದರೆ ಅದರ ಬೀಗದ ಕೈ ಯಾರ ಬಳಿ ಇದೆ, ಕೊನೆಯ ಬಾರಿ ತೆರೆದದ್ದು ಯಾವಾಗ, ಅದು ಪ್ರಾಂಶುಪಾಲರ ಕೊಠಡಿಯ ಸಿಸಿಟಿವಿ ಕೆಳಗಿದೆಯೇ ಎಂದೂ ವಿಚಾರಿಸಿ. ನಡಾವಳಿ ಪುಸ್ತಕವೇ ಇಲ್ಲವೆಂದರೆ ಈ ವರ್ಷದಿಂದ ಇಡಲು ಹೇಳಿ. ಪ್ರತಿ ಪುಟದಲ್ಲಿ ಎಡಕ್ಕೆ ಮಕ್ಕಳ ಬೇಡಿಕೆ, ಬಲಕ್ಕೆ ಶಾಲೆಯ ಉತ್ತರ ಇರಲಿ, ಅದನ್ನು ಬರೆಯುವ ಕೆಲಸ ಮಗುವಿನದೇ ಆಗಿರಲಿ. ನಿಮ್ಮ ಮಗಳಿಗೆ ಆಸಕ್ತಿಯಿದ್ದರೆ ಮಂತ್ರಿ ಸ್ಥಾನಕ್ಕಿಂತ ಆ ಪುಸ್ತಕ ಬರೆಯುವ ಕೆಲಸವನ್ನೇ ಕೇಳಿಕೊಳ್ಳಲಿ.